ಹದಿನೇಳನೆಯ ಅಚ್ಚು

ಫೆಬ್ರವರಿ 3, ಸೋಮವಾರ

ಮುಂದಿನ ತಿಂಗಳು ನನ್ನ ಅಮ್ಮನ ಕೈಗಳ ಮೇಲೆ ಉಳಿಯಿಂದ ಅಡ್ಡಗೀರು ಎಳೆಯುತ್ತಾರೆ. ಇದು ಅನ್ಯಾಯ. ಇದನ್ನು ಅನ್ಯಾಯ ಎನ್ನಲು ನಮ್ಮ ಪ್ರೆಸ್ಸಿನಲ್ಲಿ ಒಬ್ಬರಿಗೂ ಬಾಯಿ ಬರುತ್ತಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಕೈಗಳೆಂದರೆ ಮರದಲ್ಲಿ ಕೆತ್ತಿದ ಕೈಗಳು. ನಾಲ್ಕು ವರ್ಷದಿಂದ ಪ್ರೆಸ್ಸಿನಲ್ಲಿ ಒಂದು ದೊಡ್ಡ ಪುಸ್ತಕ ತಯಾರಾಗುತ್ತಿದೆ: ಕೆಲಸ ಮಾಡುವ ಕೈಗಳ ಇಪ್ಪತ್ತನಾಲ್ಕು ಚಿತ್ರ, ಪ್ರತಿ ಚಿತ್ರದ ಎದುರು ಪುಟದಲ್ಲಿ ಆ ಕೆಲಸದ ಬಗ್ಗೆ ಹತ್ತು ಸಾಲು. ಚಪ್ಪಲಿ ಹೊಲಿಯುವವನ ಕೈ, ಬೀಗ ರಿಪೇರಿಯವನ ಕೈ, ಸೂಲಗಿತ್ತಿಯ ಕೈ. ಹದಿನೇಳನೆಯದು ಹಾಳೆ ಮಡಿಸುವ ಕೈ. ಅದು ಅಮ್ಮನದು. ಇಪ್ಪತ್ತಾರು ವರ್ಷ ಇದೇ ಪ್ರೆಸ್ಸಿನ ಹಾಳೆಗಳನ್ನು ಮಡಿಸಿ ಹೊಲಿದವಳು ಅವಳು. ಎರಡು ವರ್ಷದ ಹಿಂದೆ ಬೆರಳುಗಳು ಗಂಟು ಕಟ್ಟಿಕೊಂಡು ಕೆಲಸ ಬಿಟ್ಟಳು. ಅವಳ ಜಾಗಕ್ಕೆ ನಾನು ಬಂದೆ.

ಇವತ್ತು ಯಜಮಾನರು ಗ್ರಾಹಕರಿಗೆ ಹೋಗುವ ಕಾಗದವನ್ನು ಓದಿಸಿದರು. ನೂರೈವತ್ತು ಪ್ರತಿ ಅಚ್ಚು ಹಾಕುತ್ತಾರಂತೆ. ಆಮೇಲೆ ಪ್ರತಿ ಮರದ ಅಚ್ಚಿನ ಮೇಲೂ ಮೂಲೆಯಿಂದ ಮೂಲೆಗೆ ಒಂದು ಗೀರು ಕೆತ್ತುತ್ತಾರಂತೆ, ಇನ್ನೊಂದು ಪ್ರತಿ ಯಾರೂ ತೆಗೆಯಬಾರದು ಎಂದು. ಇದು ಈ ಕಸುಬಿನ ಹಳೆಯ ಪದ್ಧತಿಯಂತೆ. ನೂರೈವತ್ತು ಕಪಾಟುಗಳಲ್ಲಿ ಅಮ್ಮನ ಕೈ ಇರುತ್ತದೆ, ಅಮ್ಮನ ಮನೆಯಲ್ಲಿ ಇರುವುದಿಲ್ಲ.

ನಾನು ಓದುವ ಹಳದಿ ರಟ್ಟಿನ ಕ್ರಾಂತಿಯ ಕಿರುಹೊತ್ತಿಗೆಗಳಲ್ಲಿ ಮೂರನೆಯದರ ಹನ್ನೊಂದನೆಯ ಪುಟದಲ್ಲಿ ಸ್ಪಷ್ಟವಾಗಿ ಹೇಳಿದೆ: ದುಡಿದವರ ಕೈಗೆ ಸಿಗದ ವಸ್ತು ಕದ್ದ ವಸ್ತು. ಅದನ್ನೇ ಅಚ್ಚಿನ ಮೆಷಿನ್ ನಡೆಸುವ ಮಾಮನಿಗೆ ಹೇಳಿದೆ. ಅವನು ರೋಲರಿಗೆ ಮಸಿ ಹಚ್ಚುತ್ತಾ, "ಬಂತಪ್ಪ ನಮ್ಮ ಕರಪತ್ರ. ಮೊದಲು ಆ ಚಿಂದಿಬಟ್ಟೆ ಕೊಡು" ಎಂದ. ನನಗೆ ಅವನು ಇಟ್ಟಿರುವ ಹೆಸರು ಅದು. ಇರಲಿ.

ಫೆಬ್ರವರಿ 5, ಬುಧವಾರ

ಯಜಮಾನರು ಮಧ್ಯಾಹ್ನವಿಡೀ ಪುಟದ ಅಂಚಿನ ಬಗ್ಗೆ ಮಾತಾಡಿದರು. ಒಳಗಿನ ಅಂಚು ಎಷ್ಟು ಬಿಡಬೇಕು, ಕೆಳಗಿನದು ಯಾಕೆ ಎಲ್ಲಕ್ಕಿಂತ ಅಗಲ ಇರಬೇಕು ಅಂತ. ಒಂದು ಪುಟ ಹಿಡಿದು ತೋರಿಸಿ, "ಓದೋವನ ಹೆಬ್ಬೆರಳು ಎಲ್ಲಿ ಕೂತ್ಕೊಬೇಕು ಹೇಳು" ಎಂದರು.

ನಾನು ಸುಮ್ಮನಿರಲಿಲ್ಲ. "ಹೊಟ್ಟೆಗಿಲ್ಲದವನಿಗೆ ಹೆಬ್ಬೆರಳಿಗೆ ಜಾಗ ಯಾಕೆ ಸರ್?" ಎಂದೆ.

"ಹೊಟ್ಟೆಗಿಲ್ಲದವನಿಗೂ ಹೆಬ್ಬೆರಳು ಇರುತ್ತಮ್ಮ" ಎಂದರು.

ಮಾಮ ನಕ್ಕ. ಇದಕ್ಕೆ ಯಾವ ಹೊತ್ತಿಗೆಯಲ್ಲೂ ಉತ್ತರ ಸಿಗಲಿಲ್ಲ. ಹುಡುಕುತ್ತೇನೆ.

ಫೆಬ್ರವರಿ 7, ಶುಕ್ರವಾರ

ಅಮ್ಮನಿಗೆ ಗೀರಿನ ವಿಷಯ ಹೇಳಿದೆ. ಅವಳಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ತನ್ನ ಎರಡು ಕೈಗಳನ್ನೂ ನನ್ನ ಮುಖದ ಮುಂದೆ ಹಿಡಿದು, "ನನ್ನ ಕೈ ನನ್ನ ಹತ್ರಾನೇ ಇದ್ಯಲ್ಲೇ. ನೀನ್ಯಾಕೆ ಹೊಟ್ಟೆ ಉರ್ಕೊತೀಯ?" ಎಂದಳು.

ಹೀಗಿರುವುದಕ್ಕೇ ಇವರನ್ನು ಇಪ್ಪತ್ತಾರು ವರ್ಷ ದುಡಿಸಿಕೊಂಡಿದ್ದಾರೆ.

ನಿರ್ಧಾರ ಮಾಡಿದ್ದೇನೆ. ಇನ್ನೂರು ಕರಪತ್ರ, ಪ್ರತಿಯೊಂದರ ಮೇಲೂ ಅಮ್ಮನ ಕೈ. ಗೀರು ಬೀಳುವುದಕ್ಕೆ ಮೊದಲು ಬೀದಿಗೆ ಬರಬೇಕು. ಶನಿವಾರ ಬಾಗಿಲು ಹಾಕುವುದು ನಾನು, ಅಚ್ಚುಗಳ ಡ್ರಾಯರಿನ ಬೀಗದಕೈಯೂ ನನ್ನ ಬಳಿಯೇ ಇರುತ್ತದೆ. ಪುಸ್ತಕದಲ್ಲಿ ಹನ್ನೆರಡನೆಯ ಚಿತ್ರದ ತನಕ ಮಾತ್ರ ಅಚ್ಚಾಗಿದೆ. ಹದಿನೇಳನೆಯದನ್ನು ಒಂದು ಭಾನುವಾರದ ಮಟ್ಟಿಗೆ ಯಾರೂ ಕೇಳುವುದಿಲ್ಲ. ಇದು ಕಳವಲ್ಲ. ಕದ್ದದ್ದನ್ನು ವಾಪಸು ತರುವುದು.

ಫೆಬ್ರವರಿ 9, ಭಾನುವಾರ

ಅಮ್ಮ ಬೆಳಿಗ್ಗೆ ಅತ್ತೆಯ ಮನೆಗೆ ಹೋದಳು. ಅಡುಗೆಮನೆಯ ಕಟ್ಟೆಯ ಮೇಲೆ ಕೆಲಸ ಶುರುಮಾಡಿದೆ. ಅಂಗೈಯಗಲದ ಅಚ್ಚು, ಕೈಯಲ್ಲಿ ಹಿಡಿದರೆ ಕಲ್ಲಿನಷ್ಟು ಭಾರ. ಮಸಿ ಹಚ್ಚಿ, ಹಾಳೆ ಇಟ್ಟು, ಹಿಂದಿನಿಂದ ಚಮಚದ ಬೆನ್ನಲ್ಲಿ ಉಜ್ಜಿದೆ. ಮೊದಲ ಹಾಳೆ ಎತ್ತಿದಾಗ ಅಮ್ಮನ ಹೆಬ್ಬೆರಳು ಕಾಣಿಸಿತು, ಉಗುರಿನ ಪಕ್ಕದ ಸೀಳು ಸಮೇತ. ಆ ಹಾಳೆಯನ್ನು ಒಣಗಲು ಬೇರೆಯಾಗಿ ಇಟ್ಟೆ.

ಮೂವತ್ತೊಂದು ಪ್ರತಿ ತೆಗೆಯುವಷ್ಟರಲ್ಲಿ ಹನ್ನೆರಡಾಯಿತು. ಗೆರೆಗಳಲ್ಲಿ ಮಸಿ ತುಂಬಿಕೊಂಡಿತ್ತು, ಅಚ್ಚು ಒರೆಸಬೇಕಿತ್ತು. ಪ್ರೆಸ್ಸಿನಲ್ಲಿ ಸೀಮೆಎಣ್ಣೆಯಲ್ಲಿ ಒರೆಸುತ್ತೇವೆ. ಆದರೆ ಸೀಮೆಎಣ್ಣೆಯ ವಾಸನೆ ಬಂದರೆ ಅಮ್ಮ ಹೊಸಿಲು ದಾಟುವ ಮುಂಚೆಯೇ ಹಿಡಿಯುತ್ತಾಳೆ. ಆದ್ದರಿಂದ ಸೋಪುನೀರಿನಲ್ಲಿ ಚೆನ್ನಾಗಿ ತೊಳೆದು, ಬೇಗ ಒಣಗಲೆಂದು ಕಿಟಕಿಯ ಬಿಸಿಲಿಗೆ ಇಟ್ಟೆ.

ಒಂದೂವರೆಗೆ ಚಟ್ ಎಂದು ಸದ್ದಾಯಿತು.

ಫೆಬ್ರವರಿ 9, ಸಂಜೆ

ಆ ಅಚ್ಚು ಒಂದೇ ಮರದ ತುಂಡಲ್ಲ. ಗಟ್ಟಿ ಮರದ ಚಿಕ್ಕ ಚಿಕ್ಕ ತುಂಡುಗಳನ್ನು ಸೇರಿಸಿ ಅಂಟಿಸಿ ಮಾಡಿದ್ದು. ನೀರಿಗೆ ಅಂಟು ಬಿಟ್ಟಿತು, ಬಿಸಿಲಿಗೆ ಮರ ಬಾಗಿತು. ನಡುವೆ ಮೇಲಿನಿಂದ ಕೆಳಗಿನ ತನಕ ಬಾಯಿ ಬಿಟ್ಟಿದೆ. ಬಿರುಕು ಎಡಗೈಯನ್ನೂ ಬಲಗೈಯನ್ನೂ ಬೇರೆ ಮಾಡಿದೆ.

ಅಮ್ಮ ಬಂದಳು. ಮುಚ್ಚಿಡಲು ಆಗಲಿಲ್ಲ. ಅಚ್ಚನ್ನು ಕೈಯಲ್ಲಿ ತಿರುಗಿಸಿ ನೋಡಿದಳು, ಬಿರುಕಿನ ಮೇಲೆ ಉಗುರು ಎಳೆದಳು. ಬೈಯುತ್ತಾಳೆ ಎಂದು ಕಾದೆ.

"ನೀರು ತಾಗಿಸಿದೆಯಾ?"

"ಹೂಂ."

"ಸೀಮೆಎಣ್ಣೆ ಇರ್ಲಿಲ್ವಾ ಮನೇಲಿ?"

"ನಿನಗೆ ವಾಸನೆ ಬರುತ್ತೆ ಅಂತ."

ಅವಳು ನಕ್ಕುಬಿಟ್ಟಳು. ಆಮೇಲೆ ನಗು ನಿಲ್ಲಿಸಿ, "ನಾಳೆ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ ಹೇಳು. ನಾನು ಜೊತೆಗೆ ಬರಲ್ಲ. ಮೂವತ್ತೊಂದು ಪ್ರತಿನೂ ತಗೊಂಡು ಹೋಗು" ಎಂದಳು.

ಫೆಬ್ರವರಿ 10, ಸೋಮವಾರ

ಹೇಳಿದೆ.

ಯಜಮಾನರು ಮಾಮನಿಗೆ ಮೆಷಿನ್ ನಿಲ್ಲಿಸಲು ಕೈ ಮಾಡಿದರು. ನನ್ನ ಬೀಗದಕೈ ಕೇಳಿದರು, ಕೊಟ್ಟೆ. "ನನ್ನನ್ನ ಕೇಳಿದ್ರೆ ಜಗಳ ಆಡ್ತಿದ್ದೆ. ಜಗಳ ಆಡೋ ಅವಕಾಶಾನೂ ಕೊಡ್ಲಿಲ್ಲ ನೀನು" ಎಂದರು. ಅಷ್ಟೇ.

ಕನ್ನಡಕದಮ್ಮನಿಗೆ ಹೇಳಿ ಕಳಿಸಿದರು. ಇಪ್ಪತ್ತನಾಲ್ಕನ್ನೂ ಕೆತ್ತಿದವರು ಅವರು. ಎಪ್ಪತ್ತು ದಾಟಿದೆ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಳ್ಳುವುದರಿಂದ ಹಿಂದಿನಿಂದ ಎಲ್ಲರೂ ಕನ್ನಡಕದಮ್ಮ ಎನ್ನುತ್ತೇವೆ, ಎದುರಿಗೆ ದೊಡ್ಡಮ್ಮ. ಬಂದವರು ಅಚ್ಚನ್ನು ಮುಟ್ಟಲಿಲ್ಲ. ಮೊದಲು ನನ್ನ ಮೂವತ್ತೊಂದು ಹಾಳೆಗಳನ್ನು ಒಂದೊಂದಾಗಿ ಭೂತಗನ್ನಡಿಯಲ್ಲಿ ನೋಡಿದರು.

"ಚಮಚದಲ್ಲಿ ಉಜ್ಜಿದೀಯ."

"ಹೌದು ದೊಡ್ಡಮ್ಮ."

"ಎಡಗಡೆ ಜಾಸ್ತಿ ಒತ್ತಿದೀಯ, ಬಲಗಡೆ ಸೋಮಾರಿತನ. ಈ ಒಂಬತ್ತನೇದು ಒಂದು ಪರವಾಗಿಲ್ಲ." ಆಮೇಲೆ ಅಚ್ಚನ್ನು ಎತ್ತಿ ಬೆಳಕಿಗೆ ಹಿಡಿದು, "ಅಂಟಿಸಬಹುದು. ಕೂದಲೆಳೆಯಷ್ಟು ಬಿಳಿ ಗೆರೆ ಉಳ್ಕೊಳ್ಳುತ್ತೆ. ಪುಸ್ತಕಕ್ಕೆ ಆಗಲ್ಲ" ಎಂದರು.

ಹೊಸದಾಗಿ ಕೆತ್ತಬೇಕು. ಪುಸ್ತಕ ನಿಲ್ಲುತ್ತದೆ. ಇದೆಲ್ಲ ನನ್ನಿಂದ.

ಫೆಬ್ರವರಿ 11, ಮಂಗಳವಾರ

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 12, ಬುಧವಾರ

ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು ಚೀಲದಲ್ಲಿ ನನ್ನ ಲೋಟ, ಬಾಚಣಿಗೆ ಹಾಕಿಕೊಂಡು ಕೂತಿದ್ದೆ. ಯಜಮಾನರು ಬಂದು, "ಚೀಲ ಇಳಿಸು. ದೊಡ್ಡಮ್ಮನ ಮನೆಗೆ ಹೋಗು. ಅಮ್ಮನ್ನೂ ಕರ್ಕೊಂಡು ಹೋಗು" ಎಂದರು.

ವಿಷಯ ಇಷ್ಟು: ಹಳೆಯ ಪ್ರತಿಯನ್ನು ನೋಡಿ ಕೆತ್ತಲು ದೊಡ್ಡಮ್ಮ ಒಪ್ಪುವುದಿಲ್ಲ. "ನನ್ನ ಕೆಲಸವನ್ನೇ ನೋಡಿ ನಾನು ನಕಲು ಹೊಡೆಯೋದಾ? ಕೈ ನೋಡಬೇಕು" ಎಂದರಂತೆ. ಅಮ್ಮ ಮತ್ತೆ ಹಾಳೆ ಮಡಿಸುತ್ತಾ ಅವರ ಮುಂದೆ ಕೂರಬೇಕು. ಬಗ್ಗದ ಬೆರಳುಗಳಿಂದ.

ಅಮ್ಮನಿಗೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹೇಳಿದ ತಕ್ಷಣ ಪೆಟ್ಟಿಗೆಯಿಂದ ತನ್ನ ಹಳೆಯ ಮೂಳೆಯ ಪಟ್ಟಿ ತೆಗೆದಳು. ಮಡಿಕೆಯ ಮೇಲೆ ಎಳೆದು ಗೆರೆ ಕೂರಿಸುವ ಪಟ್ಟಿ ಅದು. ಕೊನೆಯ ದಿನ ಬಿಟ್ಟು ಬಂದಿರಬಹುದು ಎಂದುಕೊಂಡಿದ್ದೆ. ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಳು.

ಫೆಬ್ರವರಿ 13, ಗುರುವಾರ

ದೊಡ್ಡಮ್ಮನ ಕೋಣೆಗೆ ಒಂದೇ ಕಿಟಕಿ, ಉತ್ತರಕ್ಕೆ. ಕಿಟಕಿಯ ಮುಂದೆ ನೀರು ತುಂಬಿದ ಗಾಜಿನ ಬುರುಡೆ. ಅದರ ಮೂಲಕ ಬರುವ ಬೆಳಕು ಒಂದು ರೂಪಾಯಿಯಗಲ ಆಗಿ ಅಚ್ಚಿನ ಮೇಲೆ ಬೀಳುತ್ತದೆ. ಕಿಟಕಿಯ ಬೆಳಕು ಸರಿದಂತೆ ಬುರುಡೆಯನ್ನು ಸರಿಸುತ್ತಾ ಇರುವುದು ನನ್ನ ಕೆಲಸ. ಅಚ್ಚಿನ ಕೆಳಗೆ ಮರಳು ತುಂಬಿದ ಚರ್ಮದ ದಿಂಬು. ಇವತ್ತು ಗಮನಿಸಿದೆ: ಅವರು ಉಳಿಯನ್ನು ತಿರುಗಿಸುವುದೇ ಇಲ್ಲ. ಉಳಿ ನಿಂತಲ್ಲೇ ನಿಲ್ಲುತ್ತದೆ, ಎಡಗೈ ಅಚ್ಚನ್ನು ತಿರುಗಿಸುತ್ತದೆ. ಬಾಗಿದ ಗೆರೆಯೆಲ್ಲ ಎಡಗೈಯಿಂದ ಬರುತ್ತದೆ.

ಕೆತ್ತಿದ್ದು ಬಿಳಿಯಾಗುತ್ತದೆ, ಬಿಟ್ಟದ್ದು ಕಪ್ಪಾಗುತ್ತದೆ. ಅಂದರೆ ಅವರು ಕೆತ್ತುವುದು ಬೆಳಕನ್ನು.

ಫೆಬ್ರವರಿ 17, ಸೋಮವಾರ

ಇಬ್ಬರೂ ಸೇರಿದರೆ ನನಗೆ ಬಾಯಿ ತೆರೆಯಲು ಜಾಗವಿಲ್ಲ.

"ಹೋದ ಸಲ ಕೈಗೆ ಎಣ್ಣೆ ಹಚ್ಕೊಂಡು ಬಂದಿದ್ದೆ ನೀನು" ಎಂದರು ದೊಡ್ಡಮ್ಮ.

"ಚಿತ್ರ ತೆಗೀತಾರೆ ಅಂದ್ರೆ ಹಚ್ಕೊಳ್ದೆ ಇರ್ತಾರಾ ಅಕ್ಕ?"

"ಅದಕ್ಕೇ ಅದು ಮದುವೆ ಹೆಣ್ಣಿನ ಕೈ ಥರ ಇತ್ತು. ನನಗೆ ಆವಾಗ್ಲೇ ಸಮಾಧಾನ ಇರ್ಲಿಲ್ಲ."

"ಮೂರು ವರ್ಷ ಹೇಳ್ಲಿಲ್ವಲ್ಲ."

"ನಿನ್ನ ಮಗಳು ಒಡೆದು ಹಾಕ್ಲಿ ಅಂತ ಕಾಯ್ತಿದ್ದೆ."

ಇಬ್ಬರೂ ನಗುತ್ತಾರೆ. ನಾನು ಗಾಜಿನ ಬುರುಡೆಯನ್ನು ಸರಿಸಿದೆ.

ಅಮ್ಮ ಒಂದು ಹಾಳೆ ಮಡಿಸಲು ಮೊದಲು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಈಗ ಮೂಲೆಯನ್ನು ಮೂಲೆಗೆ ಸೇರಿಸುತ್ತಾಳೆ, ಅಷ್ಟೇ. ಹೆಬ್ಬೆರಳು ಬಗ್ಗುವುದಿಲ್ಲ, ಆದ್ದರಿಂದ ಅಂಗೈಯ ಬುಡದಿಂದ ಒತ್ತುತ್ತಾಳೆ. ಆದರೆ ಮಡಿಕೆ ನೇರವಾಗಿ ಬರುತ್ತದೆ. ಅವಳು ಮಡಿಸಿದ ಹಾಳೆಯನ್ನೂ ನಾನು ಮಡಿಸಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಎರಡು ವರ್ಷದಿಂದ ದಿನಾ ಮಡಿಸುತ್ತಿರುವುದು ನಾನು. ಅವಳದೇ ನೇರವಾಗಿದೆ.

ಅವಳ ಬೆರಳುಗಳು ಇಷ್ಟು ಊದಿವೆ ಎಂದು ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಇದ್ದೇನೆ. ದುಡಿಯುವವರ ಕೈಗಳ ಬಗ್ಗೆ ನಾಲ್ಕು ಕರಪತ್ರ ಬರೆದಿದ್ದೇನೆ.

ಫೆಬ್ರವರಿ 18, ಮಂಗಳವಾರ

ಅಮ್ಮನಿಗೆ ಬಿಸಿನೀರಿನಲ್ಲಿ ಕೈ ಅದ್ದಿಸಿದೆ. "ಏನೇ ಇದು ಹೊಸದು" ಎಂದಳು. ತೆಗೆಯಲಿಲ್ಲ.

ಫೆಬ್ರವರಿ 22, ಶನಿವಾರ

ಇವತ್ತು ದೊಡ್ಡಮ್ಮ ಉಳಿಯನ್ನು ನನ್ನ ಕೈಗೆ ಕೊಟ್ಟರು, ಒಂದು ಹಾಳಾದ ತುಂಡಿನ ಮೇಲೆ. ಅಣಬೆಯಾಕಾರದ ಹಿಡಿ ಅಂಗೈಯಲ್ಲಿ ಕೂರಬೇಕು, ಹೆಬ್ಬೆರಳು ಮರದ ಮೇಲೆ ನಿಂತು ಉಳಿಯನ್ನು ತಡೆಯಬೇಕು. ನನ್ನ ಮೊದಲ ಗೆರೆ ಜಾರಿ ತುಂಡಿನಾಚೆ ಹೋಗಿ ದಿಂಬಿಗೆ ಚುಚ್ಚಿತು.

"ಅವಸರ. ನಿನ್ನ ಮಾತೂ ಹೀಗೇ" ಎಂದರು. ಅಮ್ಮ ಹಾಳೆಯ ಹಿಂದಿನಿಂದ ತಲೆಯಾಡಿಸಿದಳು.

ಮೂವತ್ತನೆಯ ಗೆರೆ ಗೆರೆಯ ಹಾಗಿತ್ತು. ಅದನ್ನು ಇಲ್ಲಿ ಬರೆಯುವಷ್ಟು ದೊಡ್ಡ ವಿಷಯವಲ್ಲ. ಬರೆದೆ.

ಫೆಬ್ರವರಿ 28, ಶುಕ್ರವಾರ

ಹೊಸ ಹದಿನೇಳನೆಯ ಅಚ್ಚು ಮುಗಿಯಿತು. ಮೊದಲ ಕರಡು ಪ್ರತಿಯನ್ನು ಯಜಮಾನರೇ ತೆಗೆದರು. ಮಾಮ ಬೆರಳು ಗಂಟುಗಳಿರುವ ಜಾಗಕ್ಕೆ ಸರಿಯಾಗಿ ಅಚ್ಚಿನ ಕೆಳಗೆ ತೆಳುಕಾಗದದ ಚೂರುಗಳನ್ನು ಕತ್ತರಿಸಿ ಅಂಟಿಸಿದ, ಅಲ್ಲಿ ಕಪ್ಪು ಗಟ್ಟಿಯಾಗಿ ಕೂರಲೆಂದು. ಒಂದೊಂದು ಚೂರು ಸಾಸಿವೆಯಷ್ಟು. ನಾಲ್ಕು ಗಂಟೆ ಅದನ್ನೇ ಮಾಡಿದ. ಇದನ್ನು ಯಾರೂ ನೋಡುವುದಿಲ್ಲವಲ್ಲ ಎಂದೆ. "ನೋಡಬಾರದು. ನೋಡಿದ್ರೆ ನಾನು ಕೆಟ್ಟದಾಗಿ ಮಾಡಿದೀನಿ ಅಂತ" ಎಂದ.

ಚಿತ್ರ ಬಂತು. ಹಳೆಯದರಲ್ಲಿ ಕೈಗಳು ಚೆಂದವಿದ್ದವು. ಇದರಲ್ಲಿ ಕೆಲಸ ಕಾಣುತ್ತದೆ. ಅಂಗೈಯ ಬುಡ ಹಾಳೆಯನ್ನು ಒತ್ತುತ್ತಿದೆ, ಬಗ್ಗದ ಹೆಬ್ಬೆರಳು ಮೇಲಕ್ಕೆ ನಿಂತಿದೆ, ಮಡಿಕೆ ಮಾತ್ರ ನೂಲು ಹಿಡಿದಂತೆ ನೇರ.

ಯಜಮಾನರು ಬಹಳ ಹೊತ್ತು ನೋಡಿ, "ಪುಸ್ತಕ ಎರಡು ವಾರ ತಡ ಆಯ್ತು" ಎಂದರು. ಆಮೇಲೆ, "ಆಗ್ಲಿ" ಎಂದರು.

ಮಾರ್ಚ್ 6, ಗುರುವಾರ

ಗೀರು ಹಾಕುವ ಪದ್ಧತಿಯ ಬಗ್ಗೆ ಯಜಮಾನರನ್ನು ಕೇಳಿಯೇಬಿಟ್ಟೆ. ಈ ಸಲ ಕೇಳಿದೆ, ಭಾಷಣ ಮಾಡಲಿಲ್ಲ. ನಾಲ್ಕು ವರ್ಷದ ಹಿಂದೆ ನೂರೈವತ್ತು ಜನ ಅವರನ್ನು ನಂಬಿ, ಒಂದು ಪುಟವೂ ಅಚ್ಚಾಗುವ ಮುಂಚೆ ಹೆಸರು ಬರೆಸಿದರಂತೆ. ಅವರಲ್ಲಿ ಅರ್ಧ ಜನ ಮೇಷ್ಟ್ರುಗಳು, ಗುಮಾಸ್ತರು, ಒಬ್ಬ ಗಡಿಯಾರ ರಿಪೇರಿಯವನು. ನಾನು ನೂರೈವತ್ತು ಬಂಗಲೆಗಳನ್ನು ಕಲ್ಪಿಸಿಕೊಂಡಿದ್ದೆ. "ಅವರಿಗೆ ಮಾತು ಕೊಟ್ಟಿದೀನಿ. ಆ ಮಾತಿನ ಮೇಲೆ ಈ ಬಾಗಿಲು ನಾಲ್ಕು ವರ್ಷ ತೆರೆದಿತ್ತು. ಕೊಟ್ಟ ಮಾತು ಮುರೀಬೇಕಾ, ಹೇಳು" ಎಂದರು.

"ಮುರೀಬೇಡಿ ಸರ್. ಮುಂದಿನ ಸಲ ಬೇರೆ ಮಾತು ಕೊಡಿ. ಮೊದಲು ನೂರೈವತ್ತು ಚೆನ್ನಾಗಿರೋದು, ಆಮೇಲೆ ಸಾವಿರ ಸಾದಾದು."

ಅವರು ಪೆನ್ಸಿಲಿನಿಂದ ಕೈಗೆ ಸಿಕ್ಕಿದ ಕಾಗದದ ಮೇಲೆ ಏನೋ ಬರೆದುಕೊಂಡರು.

ಮಾರ್ಚ್ 14, ಶುಕ್ರವಾರ

ನೂರೈವತ್ತೂ ಮುಗಿದವು. ಇವತ್ತು ಗೀರು.

ಮೇಜಿನ ಮೇಲೆ ಇಪ್ಪತ್ತನಾಲ್ಕು ಅಚ್ಚು ಸಾಲಾಗಿ. ದೊಡ್ಡಮ್ಮ ಕೂತು ಒಂದೊಂದನ್ನೇ ದಿಂಬಿನ ಮೇಲೆ ಇಟ್ಟರು. ಉಳಿ ಸರ್ರನೆ ಮೂಲೆಯಿಂದ ಮೂಲೆಗೆ ಹೋಗುತ್ತದೆ, ಸುರುಳಿಯಾಗಿ ಒಂದು ಎಳೆ ಮರ ಏಳುತ್ತದೆ, ಮುಗಿಯಿತು. ನಾನು ಆಚೆ ಹೋಗುತ್ತೇನೆ ಎಂದುಕೊಂಡಿದ್ದೆ, ಹೋಗಲಿಲ್ಲ. ತಾವು ಮಾಡಿದ್ದನ್ನು ತಾವೇ ಮುಗಿಸುವವರ ಮುಂದೆ ಎದ್ದು ಹೋಗುವುದು ಸರಿ ಕಾಣಲಿಲ್ಲ. ಹದಿನಾರರ ತನಕ ಅವರ ಕೈ ನಿಲ್ಲಲಿಲ್ಲ. ಹದಿನೇಳನೆಯದರಲ್ಲಿ ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡರು.

ಅಮ್ಮ ಪಕ್ಕದಲ್ಲೇ ಕೂತಿದ್ದಳು. "ಎಳೀರಿ ಅಕ್ಕ. ನೋಯಲ್ಲ" ಎಂದಳು.

ಎಳೆದರು.

ನನಗೆ ಈಗಲೂ ಇದು ಅನ್ಯಾಯವೆಂದೇ ಅನ್ನಿಸುತ್ತದೆ. ಆದರೆ ಅನ್ಯಾಯ ಮಾಡುತ್ತಿರುವವರು ಯಾರು ಎಂದು ಬೆರಳು ತೋರಿಸಲು ಹೋದರೆ, ಆ ಕೋಣೆಯಲ್ಲಿ ನನಗೆ ಯಾರೂ ಸಿಗಲಿಲ್ಲ.

ಎಲ್ಲ ಮುಗಿದ ಮೇಲೆ ದೊಡ್ಡಮ್ಮ ಚೀಲದಿಂದ ಇನ್ನೊಂದು ಅಚ್ಚು ತೆಗೆದು ಮೇಜಿನ ಮೇಲಿಟ್ಟರು. ನಾನು ಒಡೆದದ್ದು. ಅಂಟಿಸಿದ್ದರು, ಎರಡು ಕಡೆ ಕಟ್ಟು ಹಾಕಿ ಸಮ ಮಾಡಿದ್ದರು. ನಡುವೆ ಬಿರುಕಿನ ಗೆರೆ ಸಣ್ಣಗೆ ಉಳಿದಿತ್ತು.

"ಇದು ಪುಸ್ತಕದಲ್ಲಿ ಒಂದು ಸಲವೂ ಅಚ್ಚಾಗಿಲ್ಲ" ಎಂದು ಯಜಮಾನರ ಕಡೆ ತಿರುಗಿ ಹೇಳಿದರು. "ಇದಕ್ಕೆ ನೀವು ಯಾರಿಗೂ ಮಾತು ಕೊಟ್ಟಿಲ್ಲ. ನಾನೂ ಕೊಟ್ಟಿಲ್ಲ."

ಯಜಮಾನರು ಗ್ರಾಹಕರಿಗೆ ಬರೆದ ಕಾಗದವನ್ನು ತರಿಸಿ ಎರಡು ಸಲ ಓದಿದರು. ಕೊನೆಗೆ ಅಚ್ಚನ್ನು ನನ್ನ ಕಡೆ ತಳ್ಳಿದರು.

"ನಿನ್ನದು. ಎಷ್ಟು ಪ್ರತಿ ಬೇಕಾದ್ರೂ ತೆಗಿ. ಎರಡು ಷರತ್ತು. ಇಲ್ಲೇ ಅಚ್ಚು ಹಾಕ್ಬೇಕು, ಚಮಚದಲ್ಲಿ ಅಲ್ಲ. ಮತ್ತೆ ಅದರ ಕೆಳಗೆ ಏನು ಬರೀತೀಯೋ, ನನಗೆ ಮೊದಲು ಓದಿ ಹೇಳ್ಬೇಕು. ತಿದ್ದೋಕಲ್ಲ. ಜಗಳ ಆಡೋಕೆ."

ಬೀಗದಕೈಯನ್ನೂ ಅದರ ಪಕ್ಕದಲ್ಲೇ ಇಟ್ಟರು.

ಮಾರ್ಚ್ 15, ಶನಿವಾರ

ಈ ಅಚ್ಚಿಗೆಂದು ಫೆಬ್ರವರಿಯಲ್ಲಿ ಬರೆದಿಟ್ಟಿದ್ದ ಕರಪತ್ರವನ್ನು ತೆಗೆದು ಓದಿದೆ. ಎರಡು ಪುಟ, ಒಂದಿಂಚೂ ಖಾಲಿ ಬಿಟ್ಟಿಲ್ಲ. ಅಂಚೇ ಇಲ್ಲ. ಹಿಡಿದುಕೊಳ್ಳಲು ಹೋದರೆ ಹೆಬ್ಬೆರಳು ಮಾತಿನ ಮೇಲೆ ಕೂರುತ್ತದೆ.

ಹೊಡೆದು ಹಾಕುತ್ತಾ ಬಂದೆ. ಕೊನೆಗೆ ಆರು ಸಾಲು ಉಳಿಯಿತು: ಇವು ಯಾರ ಕೈ, ಎಷ್ಟು ವರ್ಷ ಏನು ಮಾಡಿದವು, ಈ ಗೆರೆ ಯಾರ ತಪ್ಪಿನಿಂದ ಬಿತ್ತು, ಇಂಥ ಚಿತ್ರ ಬೇಕಾದವರಿಗೆ ಸಿಗುವಂತಾಗಬೇಕು. ಕೆಳಗೆ ಕೆತ್ತಿದವರ ಹೆಸರು, ಮೆಷಿನ್ ನಡೆಸಿದವನ ಹೆಸರು, ಮಡಿಸಿದವಳ ಹೆಸರು. ಯಜಮಾನರಿಗೆ ಓದಿದೆ. ಅರ್ಧ ಗಂಟೆ ಜಗಳ ಆಡಿದೆವು. ನಾಲ್ಕನೆಯ ಸಾಲಿನಲ್ಲಿ ಅವರು ಸೋತರು, ಐದನೆಯದರಲ್ಲಿ ನಾನು. ಎದ್ದು ಹೋಗುವಾಗ, "ಮುಂದಿನ ಪುಸ್ತಕದ ಕಾಗದ ಬರೆಯೋವಾಗ ನೀನೂ ಕೂತ್ಕೋ. ಆ ಸಾವಿರ ಸಾದಾ ಪ್ರತಿ ವಿಷಯ ಇನ್ನೂ ತಲೇಲಿದೆ" ಎಂದರು.

ಆ ಆರು ಸಾಲಿಗೆ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದೆ. ಮಾಮ ಪಕ್ಕಕ್ಕೆ ಬಂದು ನೋಡಿ, "ಕೆಳಗೆ ಇಷ್ಟೊಂದು ಜಾಗ ಯಾಕೆ ಬಿಟ್ಟಿದೀಯ ಕರಪತ್ರ? ಇನ್ನೂ ಹತ್ತು ಸಾಲು ಹಿಡಿಸುತ್ತೆ" ಎಂದ.

"ಹೆಬ್ಬೆರಳಿಗೆ" ಎಂದೆ.

ಅವನು ಯಜಮಾನರ ಕೋಣೆಯ ಕಡೆ ನೋಡಿ ನಗುತ್ತಾ ಹೋದ.

ಸಂಜೆ ಮನೆಗೆ ಬಂದಾಗ ಅಮ್ಮ ಮೂಳೆಯ ಪಟ್ಟಿಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು. ಮೊದಲ ಹಾಳೆ ತಾನೇ ಮಡಿಸಬೇಕಂತೆ. ಉಳಿದ ನೂರತೊಂಬತ್ತೊಂಬತ್ತು ನನ್ನದಂತೆ. ನಾಳೆ ಕರಪತ್ರ ಅಚ್ಚಾಗುವಾಗ ಬರಬೇಕೆಂದು ದೊಡ್ಡಮ್ಮನಿಗೂ ಆಗಲೇ ಹೇಳಿ ಕಳಿಸಿದ್ದಾಳೆ, ಮಾಮನಿಗೂ. ಯಜಮಾನರಿಗೆ ನಾನು ಹೇಳಬೇಕಂತೆ. "ರಜೆ ದಿನ ಬರ್ತಾರಾ?" ಎಂದೆ. "ಕರೆದು ನೋಡು" ಎಂದಳು.

ಹೋಗಿ ಕರೆದೆ. ಬರುತ್ತಾರೆ.

ನಾಳೆ ಭಾನುವಾರ, ಬೆಳಿಗ್ಗೆ ಎಂಟು ಗಂಟೆಗೆ, ಪ್ರೆಸ್ಸಿನ ಹಿಂಬಾಗಿಲಲ್ಲಿ. ಬಾಗಿಲು ತೆಗೆಯುವುದು ನಾನು.